ಪಡುವಣದ ಕಿಟಕಿ

ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. 42-43 ಡಿಗ್ರಿ ಬಿಸಿಲು ನಮಗೆ ಹೊಸದಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಬಂದದ್ದೇ ಈ ಬಿಸಿಲಿನಿಂದ. ಇಂಥ ಊರಿನಲ್ಲಿ ನಾವು ಮನೆ ಕಟ್ಟಿಸಿ, ಪಡುವಣ ದಿಕ್ಕಿಗೆ ಆರಡಿ ಅಗಲದ ಗಾಜಿನ ಕಿಟಕಿ ಇಡಿಸಿದೆವು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಅಂಥದ್ದನ್ನು ನೋಡಿ ಬಂದು ಪಟ್ಟು ಹಿಡಿದವಳು ನಾನೇ. ತಪ್ಪನ್ನು ಯಜಮಾನರ ಮೇಲೆ ಹಾಕುವಂತಿಲ್ಲ.

ಆ ಕಿಟಕಿಯ ಕೋಣೆಯನ್ನು ಅವ್ವನಿಗೆ ಕೊಟ್ಟೆವು. ಆಕೆಗೆ ಎಂಬತ್ತು ದಾಟಿದೆ. ಮಂಡಿ ನೋವಿನಿಂದ ಹೊರಗೆ ಹೋಗಲಾಗದು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ರಸ್ತೆ ಕಾಣುತ್ತದೆ. ತರಕಾರಿ ಗಾಡಿಯವನು, ಶಾಲೆ ಬಿಟ್ಟ ಮಕ್ಕಳು, ಎದುರು ಮನೆಯ ಕಟ್ಟಡ ಕೆಲಸದ ಹೆಂಗಸರು, ಎಲ್ಲರೂ ಆಕೆಗೆ ಪರಿಚಯ. 2024ರ ಮಾರ್ಚ್ ಕೊನೆಗೆ ಆ ಕೋಣೆ ರೊಟ್ಟಿ ಹಂಚಿನಂತಾಯಿತು. ಮಧ್ಯಾಹ್ನ ಮೂರರ ಮೇಲೆ ಮಂಚದ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಮಗ ಫೋನಿನಲ್ಲಿ, "ಅಳತೆ ಕೊಟ್ಟು ರೋಲರ್ ಪರದೆ ಮಾಡಿಸಿಬಿಡಮ್ಮ" ಎಂದ. ಅಂಗಡಿಯ ಹುಡುಗ ಬಟ್ಟೆಯ ಮಾದರಿಗಳ ದಪ್ಪ ಪುಸ್ತಕ ಹಿಡಿದುಕೊಂಡು ಬಂದ. ಬೆಳಕು ಒಂದಿಷ್ಟೂ ಬರದ ದಪ್ಪ ಬಟ್ಟೆಯನ್ನು ತೋರಿಸಿ, "ಇದನ್ನ ಹಾಕಿಸ್ರಿ ಮೇಡಮ್, ಹಗಲೇ ರಾತ್ರಿ ಆಗ್ತದ" ಎಂದ. ಮೂಲೆಯಿಂದ ಅವ್ವ, "ರಾತ್ರಿ ಹೆಂಗೂ ಬರ್ತದಲ್ಲಪ, ಹಗಲನ್ಯಾಕ ಕಸ್ಕೊಳ್ತಿ?" ಎಂದಳು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಯಾವ ವಸ್ತು ಕೈಗೆ ಬಂದರೂ ಅದರ ಹಿಂದಿನದನ್ನು ಹುಡುಕುವ ಚಟ. ಪರದೆ ಆರಿಸುವ ನೆಪದಲ್ಲಿ, ನಮ್ಮ ಹಿಂದಿನವರು ಬಿಸಿಲನ್ನು ಹೇಗೆ ತಡೆದರು ಎಂದು ಯೋಚಿಸತೊಡಗಿದೆ.

ನಮ್ಮ ಹಳೆಯ ಮನೆಗೆ ಪರದೆಯ ಪ್ರಶ್ನೆಯೇ ಇರಲಿಲ್ಲ. ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ, ಗೋಡೆಯಲ್ಲಿ ಬೆಕ್ಕು ತೂರುವಷ್ಟು ಗವಾಕ್ಷಿ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಾನೇ ಹೀರಿಕೊಂಡು, ಒಳಗೆ ಬಿಡುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಆಗ ನಾವು ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿದ್ದೆವು. ಗಾಜು ಬಂದ ಮೇಲೆ ಲೆಕ್ಕ ತಪ್ಪಿತು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆದರೆ ಆ ಬಿಸಿಲಿನಿಂದ ಕಾದ ನೆಲ, ಮಂಚ, ಗೋಡೆ ಹೊರಸೂಸುವ ಶಾಖವನ್ನು ಹಾಗೆಯೇ ಹೊರಗೆ ಬಿಡುವುದಿಲ್ಲ. ಕೋಣೆ ಪೆಟ್ಟಿಗೆಯಂತೆ ಅದನ್ನು ಹಿಡಿದಿಡುತ್ತದೆ.

ಸಜ್ಜೆ ಇದ್ದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ನಮ್ಮ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ಸೂರ್ಯ ನಡುಹಗಲು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಥ ಬಿಸಿಲನ್ನು ಸಜ್ಜೆ ತಡೆಯುತ್ತದೆ. ಆದರೆ ಮೂರು ಗಂಟೆಯ ಮೇಲೆ ಅವನು ಪಡುವಣಕ್ಕೆ ಬಾಗಿ, ಸಜ್ಜೆಯ ಕೆಳಗಿನಿಂದ ನೇರ ಮುಖಕ್ಕೇ ಹೊಡೆಯುತ್ತಾನೆ. ಮೂಡಣ, ಪಡುವಣ ಕಿಟಕಿಗಳಿಗೆ ಪರದೆ ಬೇಕಾಗುವುದು ಇದಕ್ಕಾಗಿ.

ಗಾಜಿಲ್ಲದ ಕಾಲದಲ್ಲಿ ದೊಡ್ಡ ಬಾಗಿಲು, ದೊಡ್ಡ ಕಮಾನು ಇಟ್ಟುಕೊಂಡವರು ಅರಮನೆಯವರು. ಅವರಿಗೂ ಬಿಸಿಲಿನ ಕಾಟವಿತ್ತು. ಹದಿನಾರನೆಯ ಶತಮಾನದ ಕೊನೆಗೆ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಖಸ್ ಎಂಬ ಹುಲ್ಲಿನ ಸುವಾಸನೆಯ ಬೇರಿನ ಮಾತಿದೆ. ಅದೇ ನಮ್ಮ ಲಾವಂಚ. ಅದರ ಬೇರಿನಿಂದ ತಟ್ಟಿ ಕಟ್ಟಿ, ನೀರು ಚಿಮುಕಿಸಿ, ಬೇಸಿಗೆಯಲ್ಲೇ ಚಳಿಗಾಲ ತರುವ ಖಸ್‌ಖಾನೆಗಳನ್ನು ಮಾಡಿಸಿದ ಹೆಗ್ಗಳಿಕೆಯನ್ನು ಅವನು ಅಕ್ಬರ್ ಬಾದಶಹನಿಗೆ ಕೊಡುತ್ತಾನೆ. ಫ್ರಾನ್ಸಿನ ವೈದ್ಯ ಬರ್ನಿಯರ್ 1663ರಲ್ಲಿ ದೆಹಲಿಯ ಬಗ್ಗೆ ಬರೆದ ಪತ್ರದಲ್ಲಿ, ಒಳ್ಳೆಯ ಮನೆಗಳ ತೋಟದ ನಡುವೆ, ನೀರಿನ ಕೊಳದ ಬಳಿ ಇಂಥ ಬೇರಿನ ಕೋಣೆಗಳಿದ್ದವೆಂದೂ ಆಳುಗಳು ಹೊರಗಿನಿಂದ ನೀರು ಹಾಕುತ್ತಿದ್ದರೆಂದೂ ಹೇಳುತ್ತಾನೆ. ಕೊಳದ ಬಳಿ ಏಕೆಂದರೆ, ನೀರು ಹಾಕುವವರಿಗೆ ಅನುಕೂಲವಾಗಲೆಂದು.

ಇದರ ಗುಟ್ಟು ಸರಳ. ಒಣ ಬಿಸಿಗಾಳಿ ಒದ್ದೆ ಬೇರಿನ ಸಂದಿಯಲ್ಲಿ ತೂರಿದಾಗ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ತಂಪಾಗಿ, ಸುವಾಸನೆ ಹೊತ್ತು ಒಳಗೆ ಬರುತ್ತದೆ. ಮಣ್ಣಿನ ಕೊಡದ ನೀರು ತಂಪಾಗುವುದೂ ಹೀಗೆಯೇ. ಗಾಳಿ ಒಣಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ಸೆಕೆಗೆ ಉಪಯೋಗವಿಲ್ಲ. ಅಲ್ಲಿ ಗಾಳಿಯೇ ಒದ್ದೆ. ಆದ್ದರಿಂದಲೇ ಆ ಕಡೆಯವರು ಇಳಿಜಾರು ಸೂರನ್ನು ಕೆಳಗೆ ಇಳಿಸಿ, ಜಗಲಿಯ ನೆರಳನ್ನು ನೆಚ್ಚಿಕೊಂಡರು.

ಬ್ರಿಟಿಷರು ಬಂದ ಮೇಲೆ ಬಂಗಲೆ, ಕಚೇರಿ, ಆಸ್ಪತ್ರೆಗಳಿಗೆಲ್ಲ ಈ ತಟ್ಟಿಗಳು ಬಂದವು. ಬಿದಿರು ಸೀಳಿ ದಾರದಲ್ಲಿ ಹೆಣೆದು, ಸುತ್ತಿ ಮೇಲಕ್ಕೆ ಕಟ್ಟುವ ಚಿಕ್ ಪರದೆಗಳು ವರಾಂಡಗಳಲ್ಲಿ ಇಳಿಬಿದ್ದವು. ಚಿಕ್ ಎಂದರೆ ಹಣ್ಣಿನ ಚಿಕ್ಕುವಲ್ಲ. ಪರದೆಯಂತೆಯೇ ಅದೂ ಪಾರಸಿಯಿಂದ ಬಂದ ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಡೆ ಇಂಥ ಮಾತುಗಳಿಗೆ ಕೊರತೆಯಿಲ್ಲ. ತಟ್ಟಿ, ಚಿಕ್ ಎರಡರಲ್ಲೂ ಒಂದು ಸಮಾನ ಅಂಶವಿದೆ. ಎರಡನ್ನೂ ಬಾಗಿಲು ಕಿಟಕಿಗಳ ಹೊರಗೆ ಕಟ್ಟುತ್ತಿದ್ದರು. ಬಿಸಿಲು ಮನೆಯೊಳಗೆ ಕಾಲಿಡುವ ಮೊದಲೇ ಅದನ್ನು ತಡೆಯುತ್ತಿದ್ದರು.

ಇಷ್ಟನ್ನು ನಾನು ಪ್ರತಿ ವರ್ಷ ಮೊಘಲರ ಪಾಠದ ಜೊತೆಗೆ ಮಕ್ಕಳಿಗೆ ಹೇಳುತ್ತಿದ್ದೆ. ಹೇಳದೆ ಬಿಟ್ಟ ಒಂದು ಸಂಗತಿಯಿದೆ.

1977 ಮತ್ತು 1978ರ ಬೇಸಿಗೆಗಳಲ್ಲಿ ನನ್ನ ಅವ್ವ ಊರಿನ ಒಂದು ಕಚೇರಿಯ ಲಾವಂಚದ ತಟ್ಟಿಗೆ ನೀರು ಹೊಡೆಯುವ ಕೆಲಸ ಮಾಡಿದಳು. ಅಪ್ಪ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಬೆನ್ನು ಉಳುಕಿ ಮನೆಯಲ್ಲಿ ಕೂತಿದ್ದ. ಬೇಸಿಗೆಗೆ ಮಾತ್ರ ಇಟ್ಟುಕೊಳ್ಳುವ ದಿನಗೂಲಿ ಕೆಲಸ ಅದು. ಹಿತ್ತಲ ಬಾವಿಯಿಂದ ಕೊಡ ತುಂಬಿ ತಂದು, ತಗಡಿನ ಡಬ್ಬಿಯಿಂದ ತಟ್ಟಿಗೆ ಎರಚಬೇಕು, ಅರ್ಧ ಗಂಟೆಗೆ ಒಣಗುತ್ತದೆ, ಮತ್ತೆ ಎರಚಬೇಕು. ನಾನು ಆಗ ಎಂಟು ಒಂಬತ್ತು ವರ್ಷದವಳು. ಬುತ್ತಿ ಒಯ್ದು ಕೊಟ್ಟು, ತಟ್ಟಿಯ ಸಂದಿಯಿಂದ ಒಳಗೆ ಇಣುಕುತ್ತಿದ್ದೆ. ಒಳಗೆ ಹಸಿರು ಕತ್ತಲು, ಮೇಜು, ಕಡತ, ಕುರ್ಚಿಯ ಮೇಲೆ ಯಾರೋ. ದೊಡ್ಡವಳಾಗಿ ಅಂಥ ಕೋಣೆಯಲ್ಲಿ ಕೂರಬೇಕೆಂದು ಆಸೆಪಟ್ಟಿದ್ದೆ. ಬಿ.ಎ., ಬಿ.ಎಡ್. ಮಾಡಿ ಕೆಲಸ ಸೇರಿದ ಮೇಲೆ ಆ ಬೇಸಿಗೆಗಳ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಅವ್ವನ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಮನೆಯಲ್ಲೇ' ಎನ್ನುತ್ತಿದ್ದೆ.

ಅಂಗಡಿಯ ಹುಡುಗ ಹೋದ ರಾತ್ರಿ ಅವ್ವನನ್ನು ಕೇಳಿದೆ: "ತಟ್ಟಿ ಹತ್ರ ನಿನಗೂ ತಂಪು ಆಗ್ತಿತ್ತೇನವ್ವ?" "ವಾಸನಿ ಬರ್ತಿತ್ತು. ತಂಪು ಒಳಗ ಹೋಗ್ತಿತ್ತು. ಗಾಳಿ ನನ್ನ ಕಡಿಂದನ ಅಲ್ಲ ಬೀಸೂದು?" ಎಂದಳು. ದೂರು ಹೇಳುವ ದನಿಯಲ್ಲ. ನನಗೆ ತಿಳಿಯಲೆಂದು ಹೇಳಿದ್ದು. ಆಮೇಲೆ, "ಒಳಗ ಯಾರದಾರ, ಏನ್ ಮಾಡ್ತಾರ ಒಂದೂ ಕಾಣ್ತಿರಲಿಲ್ಲ. ಬರೇ ಬೇರು ನೋಡ್ಕೋತ ನಿಂದ್ರೂದು. ಈಗ ಕಣ್ಣು ಇರೂತನ ರಸ್ತಾ ನೋಡ್ತೀನಿ ಬಿಡು" ಎಂದಳು. ಪುಸ್ತಕದಲ್ಲಿ ಬಾದಶಹನ ಹೆಸರಿದೆ. ನೀರು ಹಾಕಿದವರನ್ನು ಆಳುಗಳು ಎಂದಷ್ಟೇ ಬರೆದಿದೆ. ಅವರಲ್ಲಿ ಒಬ್ಬಳ ಹೆಸರು ತಿಳಿದಿದ್ದ ನಾನೂ ಅದನ್ನು ಹೇಳಿರಲಿಲ್ಲ.

ಇನ್ನು ರೋಲರ್ ಪರದೆಯ ಕಥೆ. ಬಟ್ಟೆಯನ್ನು ಕೋಲಿಗೆ ಸುತ್ತಿ ದಾರದಿಂದ ಎಳೆದು ಕಟ್ಟುವುದು ಹಳೆಯ ಉಪಾಯವೇ. 1864ರಲ್ಲಿ ಅಮೆರಿಕದ ಸ್ಟುವರ್ಟ್ ಹಾರ್ಟ್ಸ್‌ಹಾರ್ನ್ ಎಂಬ ತರುಣ, ಕೋಲಿನೊಳಗೆ ಸ್ಪ್ರಿಂಗ್ ಅಡಗಿಸಿ, ಪರದೆ ಬೇಕಾದ ಎತ್ತರದಲ್ಲಿ ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ಅದು ಗಾಜಿನ ಕಿಟಕಿಯ ನಾಡಿನ ವಸ್ತು. ಆದ್ದರಿಂದ ಗಾಜಿನ ಒಳಗಡೆ ತೂಗುತ್ತದೆ. ಚಳಿಯ ದೇಶದಲ್ಲಿ ಅದು ಸರಿಹೋಯಿತು. ನಮ್ಮಲ್ಲಿ ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಅದನ್ನು ತಡೆಯಲು ಹೊರಡುತ್ತೇವೆ. ಪರದೆ ತಾನೇ ಕಾದು ಆ ಶಾಖವನ್ನು ಕೋಣೆಗೆ ಕೊಡುತ್ತದೆ. ಒಳಗಿನ ಪರದೆ ಬೇಡವೆಂದಲ್ಲ, ಅದೊಂದನ್ನೇ ನೆಚ್ಚಬಾರದು.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದಿದ್ದು ನೆನಪಾಯಿತು. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ ದೂರದಿಂದ ಕಾಣುವುದೇ ಇಲ್ಲ. ಸುತ್ತಲೂ ಹಸಿರು ಪರದೆಗಳು ಇಳಿಬಿದ್ದಿರುತ್ತವೆ. "ಟೀಚರ್, ಅರಮನೆಗೆ ಯಾಕೆ ಮುಸುಕು ಹಾಕ್ಯಾರ?" ಎಂದು ಒಬ್ಬ ಹುಡುಗಿ ಕೇಳಿದಳು. ಒಳಗಿನ ಗೋಡೆಯ ತುಂಬ ಚಿತ್ರಗಳು. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಸೇನೆ ಇಂಗ್ಲಿಷರನ್ನು ಸೋಲಿಸಿದ ದೃಶ್ಯ ಅಲ್ಲಿದೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ, ಅದಕ್ಕೇ ಪರದೆ. ಅವೂ ಹೊರಗಿನ ಕಂಬಗಳ ನಡುವೆಯೇ ಇವೆ. ಎರಡು ಹೆಜ್ಜೆ ಒಳಗಿಟ್ಟರೆ ಕಣ್ಣಿಗೆ ತಂಪು. ಆದರೂ ಚಿತ್ರ ನೋಡುವಷ್ಟು ಬೆಳಕಿದೆ. ಕತ್ತಲು ಮಾಡದೆ ಬಿಸಿಲು ತಡೆಯಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಇದಕ್ಕಿಂತ ಉದಾಹರಣೆ ಬೇಕೆ?

ಕೊನೆಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗವಾದೀತು. ಪಡುವಣ ಕಿಟಕಿಯ ಹೊರಗೆ, ಸಜ್ಜೆಗೆ ಕೊಕ್ಕೆ ಹೊಡೆಸಿ ಬಿದಿರಿನ ಚಿಕ್ ಕಟ್ಟಿಸಿದೆ. ಗಾಳಿಗೆ ಬಡಿಯದಂತೆ ಕೆಳಗೂ ಎರಡು ಕೊಕ್ಕೆ. ಅದನ್ನು ಪೂರ್ತಿ ಇಳಿಸುವುದಿಲ್ಲ. ಮಂಚದ ಮೇಲೆ ಬಿಸಿಲು ಬೀಳದಷ್ಟು ಇಳಿಸುತ್ತೇವೆ. ಒಳಗೆ ರೋಲರ್ ಪರದೆ. ಅದಕ್ಕೆ ಕತ್ತಲ ಬಟ್ಟೆ ಬೇಡವೆಂದು, ಸಣ್ಣ ರಂಧ್ರಗಳಿರುವ ಜಾಲರಿ ನೇಯ್ಗೆಯ ಬಟ್ಟೆ ಆರಿಸಿದೆ. ಇದರಲ್ಲಿ ಶೇಕಡಾ 3, 5, 10 ಎಂಬ ಲೆಕ್ಕವಿರುತ್ತದೆ. ಬಟ್ಟೆಯಲ್ಲಿ ಎಷ್ಟು ಭಾಗ ರಂಧ್ರ ಎಂಬುದು ಅದರ ಅರ್ಥ. ಕಡಿಮೆಯಾದಷ್ಟೂ ಬಿಸಿಲು ಕಡಿಮೆ, ನೋಟವೂ ಕಡಿಮೆ. ನಾನು 5ರದ್ದನ್ನು ತೆಗೆದುಕೊಂಡೆ. ಬಣ್ಣದಲ್ಲೂ ಒಂದು ತಿರುವಿದೆ: ತಿಳಿ ಬಣ್ಣ ಬಿಸಿಲನ್ನು ಹೆಚ್ಚು ಹಿಂದಕ್ಕೆ ತಳ್ಳುತ್ತದೆ, ಗಾಢ ಬಣ್ಣದಲ್ಲಿ ಹೊರಗಿನದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹೊರಮೈ ಬಿಳಿ, ಒಳಮೈ ಬೂದು ಇರುವ ಬಟ್ಟೆ ಸಿಕ್ಕಿತು.

ಇಂಥ ಬಟ್ಟೆಯ ಒಂದು ದೋಷವನ್ನು ಹೆಣ್ಣುಮಕ್ಕಳು ಮರೆಯಬಾರದು. ಹಗಲು ಹೊರಗಿನವರಿಗೆ ಒಳಗಿನದು ಕಾಣದು. ರಾತ್ರಿ ದೀಪ ಹಾಕಿದರೆ ಎಲ್ಲ ಕಾಣುತ್ತದೆ. ಮಲಗುವ ಕೋಣೆಗೆ ಜೊತೆಗೊಂದು ಹತ್ತಿ ಪರದೆ ಇರಲೇಬೇಕು. ಅಳತೆಯಲ್ಲೂ ಎಚ್ಚರ ಬೇಕು. ಚೌಕಟ್ಟಿನ ಒಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಕೊಡಿ. ನಮ್ಮ ಗೋಡೆಗಳು ನೇರವಾಗಿರುವುದು ಅಪರೂಪ. ಚೌಕಟ್ಟಿನ ಮೇಲಿಂದ ತೂಗುವುದಾದರೆ ಎರಡೂ ಬದಿಗೆ ಮೂರು ನಾಲ್ಕು ಇಂಚು ಹೆಚ್ಚಿರಲಿ, ಇಲ್ಲವಾದರೆ ಅಂಚಿನಿಂದ ಬಿಸಿಲು ಪಟ್ಟೆಯಾಗಿ ಒಳಬರುತ್ತದೆ. ಎಳೆಯುವ ಸರ ಜೋತಾಡದಂತೆ ಗೋಡೆಗೆ ಬಿಗಿಸಿ. ಮೊಮ್ಮಕ್ಕಳ ಕುತ್ತಿಗೆಗೆ ಸುತ್ತಿಕೊಂಡರೆ ಪ್ರಾಣಕ್ಕೇ ಅಪಾಯ. ಕಿಟಕಿಯಾಚೆ ಜಾಗವಿದ್ದ ಕಡೆ ಒಂದು ಹೊಂಗೆ ಸಸಿಯನ್ನೂ ನೆಟ್ಟಿದ್ದೇನೆ. ನಾಲ್ಕೈದು ವರ್ಷಕ್ಕೆ ಅದೂ ನೆರಳು ಕೊಟ್ಟೀತು.

ಕೋಣೆ ಈಗ ತಣ್ಣಗಿದೆ ಎಂದರೆ ಸುಳ್ಳಾದೀತು. ರಾಯಚೂರಿನ ಮೇ ತಿಂಗಳು ರಾಯಚೂರಿನದೇ. ಆದರೆ ಮಂಚದ ಕಬ್ಬಿಣ ಸುಡುವುದಿಲ್ಲ, ಅವ್ವನ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ. ಬೂದು ಜಾಲರಿಯ ಆಚೆ ಎದುರಿನ ಕಟ್ಟಡಕ್ಕೆ ನೀರು ಹೊಡೆಯುವ ಹೆಂಗಸು ಆಕೆಗೆ ಕಾಣುತ್ತಾಳೆ. ಮೂರು ಗಂಟೆಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಬಾ ಎಂದು ನನ್ನನ್ನೋ ಯಜಮಾನರನ್ನೋ ಕಳಿಸುತ್ತಾಳೆ.

ಆ ವರ್ಷ ಶಾಲೆ ತೆರೆದ ಮೇಲೆ ಮೊಘಲರ ಪಾಠ ಬಂತು. ಖಸ್‌ಖಾನೆಯ ಮಾತು ಹೇಳಿ ಮುಗಿಸಿ, "ನಮ್ಮವ್ವ ಈ ಕೆಲಸ ಮಾಡಿದ್ದಾಳೆ" ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಟೀಚರ್, ನಮ್ಮವ್ವ ಕಟ್ಟಡಕ್ಕ ನೀರು ಹೊಡಿತಾಳ" ಎಂದಳು. ಆಕೆಯ ಅವ್ವನ ಹೆಸರು ಕೇಳಿದೆ. ನನ್ನ ಅವ್ವನ ಹೆಸರನ್ನೂ ಹೇಳಿದೆ. ಆಮೇಲೆ ಪಾಠ ಮುಂದುವರಿಸಿದೆ.