ಮೊದಲ ಹದಿನೈದು ಓವರಿನ ಧೈರ್ಯ ಯಾರದ್ದು?

2023ರ ವಿಶ್ವಕಪ್ ಫೈನಲ್ ಮುಗಿದಂದಿನಿಂದ ಟಿವಿ ತಜ್ಞರದ್ದು ಒಂದೇ ರಾಗ: ಕೆ.ಎಲ್. ರಾಹುಲ್ 107 ಎಸೆತಕ್ಕೆ 66, ಅಲ್ಲಿಗೆ ಕಪ್ ಹೋಯಿತು. ಅವರು ಕ್ರೀಸಿಗೆ ಬಂದಾಗ 81ಕ್ಕೆ ಮೂರು ಬಿದ್ದಿತ್ತೆಂಬುದು ಯಾರಿಗೂ ಬೇಡ. ರೋಹಿತ್ ಶರ್ಮ ಅದೇ ಪಂದ್ಯದಲ್ಲಿ 31 ಎಸೆತಕ್ಕೆ 47 ಚಚ್ಚಿದರು. ಬೀಸಿ ಔಟಾದರೂ ಹಿಂದೆ ಕಟ್ಟಿ ನಿಲ್ಲಿಸುವವರಿದ್ದಾರೆ ಎಂಬ ಭರವಸೆ ಇಲ್ಲದಿದ್ದರೆ ಯಾವ ನಾಯಕನೂ ಹಾಗೆ ಆಡುವುದಿಲ್ಲ. ಮಂಗಳೂರಿನ ಬೈಕಂಪಾಡಿ ಸುತ್ತಮುತ್ತಲಿನ ಟೆನ್ನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ವರ್ಷಗಟ್ಟಲೆ ಅಂಪೈರಿಂಗ್ ಮಾಡಿದ ನನಗೆ ಆರಂಭಿಕರ ಚರಿತ್ರೆಯನ್ನು ಬರೀ ಸಿಕ್ಸರ್‌ಗಳ ಚರಿತ್ರೆಯಾಗಿ ಹೇಳುವುದು ಸರಿಕಾಣುವುದಿಲ್ಲ.

ಮೊದಲ ಏಕದಿನ ಪಂದ್ಯ ನಡೆದದ್ದು 1971ರ ಜನವರಿ 5ರಂದು, ಮೆಲ್ಬರ್ನ್‌ನಲ್ಲಿ. ಆಗಿನ ಆರಂಭಿಕರು ಹೊಸ ಚೆಂಡಿನ ಹೊಳಪು ತೆಗೆಯುವ ಕೂಲಿಗಳು. 1975ರಲ್ಲಿ ಗಾವಸ್ಕರ್ 60 ಓವರ್ ನಿಂತು 174 ಎಸೆತಕ್ಕೆ ಅಜೇಯ 36 ಗಳಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಶ್ರೀಕಾಂತ್ ಒಬ್ಬರು ನಮ್ಮಲ್ಲಿ ಅಪವಾದ. 1983ರ ಫೈನಲ್‌ನಲ್ಲಿ ಅವರ 38ಕ್ಕಿಂತ ಹೆಚ್ಚು ಎರಡೂ ತಂಡದಲ್ಲಿ ಯಾರೂ ಗಳಿಸಲಿಲ್ಲ. 1992ರ ವಿಶ್ವಕಪ್‌ಗೆ ಹೊಸ ನಿಯಮ ಬಂತು: ಮೊದಲ 15 ಓವರ್ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್. ನ್ಯೂಜಿಲೆಂಡ್‌ನ ಗ್ರೇಟ್‌ಬ್ಯಾಚ್ ಆರಂಭದಿಂದಲೇ ಬೀಸಿ ಅದರ ಲಾಭ ಪಡೆದರು.

ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು ನಮ್ಮ ಕರಾವಳಿಯವರೊಬ್ಬರು, ವೃತ್ತವೂ ಇಲ್ಲ, ಹೆಲ್ಮೆಟ್ಟೂ ಇಲ್ಲದ ಕಾಲದಲ್ಲಿ, ಇದನ್ನೇ ಟೆಸ್ಟಿನಲ್ಲಿ ಮಾಡಿದ್ದರು. ಬೈಕಂಪಾಡಿಯಿಂದ ಹೆದ್ದಾರಿ 66ರಲ್ಲಿ ಬಡಗು ದಿಕ್ಕಿಗೆ ಹೊರಟರೆ ಮೊದಲು ಸುರತ್ಕಲ್, ಆಮೇಲೆ ಮುಲ್ಕಿ. ಆ ಮುಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು ಬುಧಿ ಕುಂದರನ್. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಅವಕಾಶ ಸಿಕ್ಕಿದ್ದು ಫಾರೂಕ್ ಎಂಜಿನಿಯರ್ ಅಸ್ವಸ್ಥರಾದ ಕಾರಣ. ಮೊದಲ ದಿನದಾಟ ಮುಗಿದಾಗ ಅವರದ್ದು 170, ಕೊನೆಗೆ 192. ಆ ಸರಣಿಯಲ್ಲಿ 525 ರನ್, ಜೊತೆಗೆ ವಿಕೆಟ್ ಕೀಪಿಂಗ್. ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಅವರಿಗೆ ಜಾಗವೇ ಇರಲಿಲ್ಲ. ಇದು ಯಾವ ನ್ಯಾಯ ಮಾರಾಯ್ರೆ? ಭಾರತ ಮೊದಲ ಏಕದಿನ ಪಂದ್ಯ ಆಡುವಾಗ, 1974ರಲ್ಲಿ, ಅವರು ಸ್ಕಾಟ್ಲೆಂಡ್‌ನಲ್ಲಿದ್ದರು. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಹೊಡಿಬಡಿ ಆರಂಭಿಕರ ಯಾವ ಪಟ್ಟಿಯಲ್ಲೂ ಈ ಹೆಸರು ಕಾಣುವುದಿಲ್ಲ.

1996ರ ವಿಶ್ವಕಪ್ ನಮ್ಮ ತಲೆಮಾರಿನದು. ಮಾರ್ಚ್ 2ರಂದು ದೆಹಲಿಯಲ್ಲಿ ನಮ್ಮ ವಿರುದ್ಧ ಶ್ರೀಲಂಕಾದ ಜಯಸೂರ್ಯ, ಕಲುವಿತರಣ ಜೋಡಿ ಮೂರು ಓವರಿಗೆ 42 ರನ್ ಬಾಚಿತು. ಎರಡು ಓವರಿಗೆ 33 ಕೊಟ್ಟ ಮನೋಜ್ ಪ್ರಭಾಕರ್ ಆಮೇಲೆ ಆಫ್ ಸ್ಪಿನ್ ಹಾಕಬೇಕಾಯಿತು. ಒಂದೇ ವಾರದಲ್ಲಿ ಬೆಂಗಳೂರಿನ ಕ್ವಾರ್ಟರ್ ಫೈನಲ್. ಆ ರಾತ್ರಿಯೆಂದರೆ ಎಲ್ಲರಿಗೂ ನೆನಪಿರುವುದು ವೆಂಕಟೇಶ ಪ್ರಸಾದ್ ಉರುಳಿಸಿದ ಆಮಿರ್ ಸೊಹೈಲ್ ಸ್ಟಂಪ್. ಆದರೆ ಅದಕ್ಕೂ ಮೊದಲು 288 ಬೆನ್ನಟ್ಟಿದ ಪಾಕಿಸ್ತಾನದ ಸಯೀದ್ ಅನ್ವರ್ ಮತ್ತು ಸೊಹೈಲ್ ಹತ್ತು ಓವರ್ ಸುಮಾರಿಗೆ 84 ಸೇರಿಸಿದ್ದರು. ಚಿನ್ನಸ್ವಾಮಿಯಲ್ಲಿ ಜನ ಮೌನವಾಗಿದ್ದದ್ದು ಆ 84ಕ್ಕೆ. ಆ ಜೋಡಿಯ ಹಿಂದೆ ಯಾರೂ ಕೊನೆಯವರೆಗೆ ಕಟ್ಟಿ ನಿಲ್ಲಲಿಲ್ಲ, ಪಂದ್ಯ ಭಾರತದ್ದಾಯಿತು. ಶ್ರೀಲಂಕಾಕ್ಕೆ ಅರವಿಂದ ಡಿ ಸಿಲ್ವ ಇದ್ದರು, ಕಪ್ ಅವರದ್ದಾಯಿತು.

ಸಚಿನ್, ಸೆಹವಾಗ್, ಗಿಲ್‌ಕ್ರಿಸ್ಟ್ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಮೆಚ್ಚಿನವರು ಕೊಡಗಿನ ರಾಬಿನ್ ಉತ್ತಪ್ಪ. 2006ರ ಏಪ್ರಿಲ್‌ನಲ್ಲಿ ಇಂದೋರ್‌ನಲ್ಲಿ ಚೊಚ್ಚಲ ಪಂದ್ಯ, 86ಕ್ಕೆ ರನೌಟ್. ವೇಗದ ಬೌಲರ್ ಓಡಿ ಬರುವಾಗಲೇ ಇವರು ಪಿಚ್ ಮೇಲೆ ನಡೆಯುತ್ತಾ ಎದುರು ಹೋಗುತ್ತಿದ್ದರು. ಒಳ್ಳೆಯ ಲೆಂತ್ ಎಂದುಕೊಂಡ ಚೆಂಡು ಹಾಫ್ ವಾಲಿಯಾಗುತ್ತಿತ್ತು. ಬೌಲರ್ ಗಿಡ್ಡ ಹಾಕಿದರೆ ಪುಲ್. ಕೀಪರ್ ಸ್ಟಂಪ್ ಹತ್ತಿರ ಬಂದು ನಿಂತರೆ ಮಾತ್ರ ಆ ನಡಿಗೆಗೆ ಕಡಿವಾಣ. ನಮ್ಮ ಟೆನ್ನಿಸ್ ಬಾಲ್ ಹುಡುಗರು ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಹೊಸ ಟೆನ್ನಿಸ್ ಬಾಲ್ ಎದೆಮಟ್ಟ ಪುಟಿಯುತ್ತದೆ, ಪುಟಿಯುವ ಮೊದಲೇ ಮುಂದೆ ಹೋಗಿ ಬೌಲರ್ ತಲೆಯ ಮೇಲೆ ಎತ್ತಬೇಕು. ಆರು ಓವರಿನ ಪಂದ್ಯದಲ್ಲಿ ಮೂರು ಚೆಂಡು ಸುಮ್ಮನೆ ಬಿಟ್ಟವನಿಗೆ ತುಳುವಿನಲ್ಲಿ ಸಿಗುವ ಮಂಗಳಾರತಿ ಬೇರೆ.

ಚೊಚ್ಚಲ ಏಕದಿನ ಪಂದ್ಯದಲ್ಲಿ ಭಾರತೀಯರ ಪೈಕಿ ಉತ್ತಪ್ಪರದ್ದೇ ಹೆಚ್ಚಿನ ರನ್ ಎಂಬ ದಾಖಲೆ ಹತ್ತು ವರ್ಷ ನಿಂತಿತು. ಅದನ್ನು ಮುರಿದವರು ಸುರತ್ಕಲ್‌ನ ಎನ್‌ಐಟಿಕೆ ಆವರಣದಲ್ಲಿ ಬೆಳೆದ ರಾಹುಲ್. 2016ರ ಜೂನ್‌ನಲ್ಲಿ ಹರಾರೆಯಲ್ಲಿ ಆರಂಭಿಕರಾಗಿ ಇಳಿದು, ಸಿಕ್ಸರ್‌ನಿಂದ ಗೆಲುವನ್ನೂ ಶತಕವನ್ನೂ ಒಟ್ಟಿಗೇ ಮುಗಿಸಿದರು. ಅವರಿಗೆ ವೇಗ ಗೊತ್ತಿಲ್ಲ ಎನ್ನುವವರು 2023ರ ವಿಶ್ವಕಪ್‌ನಲ್ಲೇ ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 62 ಎಸೆತಕ್ಕೆ ಬಂದ ಶತಕವನ್ನು ನೋಡಬೇಕು.

ಕರ್ನಾಟಕದಲ್ಲಿ ಆರಂಭಿಕರಿಗೆ ಬರವಿಲ್ಲ. 2017-18ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಮಯಂಕ್ ಅಗರ್ವಾಲ್ 723 ರನ್, 2020-21ರಲ್ಲಿ ದೇವದತ್ತ ಪಡಿಕ್ಕಲ್ ಸತತ ನಾಲ್ಕು ಶತಕ ಸೇರಿ 737. ಮಯಂಕ್‌ಗೆ ಸಿಕ್ಕಿದ್ದು ಐದು ಏಕದಿನ ಪಂದ್ಯ. 2020ರ ಫೆಬ್ರುವರಿಯಲ್ಲಿ ರೋಹಿತ್, ಧವನ್ ಇಬ್ಬರೂ ಗಾಯಗೊಂಡು ನ್ಯೂಜಿಲೆಂಡ್‌ನಲ್ಲಿ ಆರಂಭದ ಎರಡೂ ಜಾಗ ಖಾಲಿಯಿದ್ದವು. ಮಯಂಕ್, ಪೃಥ್ವಿ ಶಾ ಹೊಸಬರಾಗಿ ಇಳಿದರು. ರಾಹುಲ್‌ಗೆ ಆಗಲೂ ಐದನೇ ಕ್ರಮಾಂಕ, ಕುಂದರನ್‌ರಂತೆ ಕೀಪಿಂಗ್ ಕೂಡ. ಸರಣಿಯ ಕೊನೆಯ ಪಂದ್ಯದಲ್ಲಿ ಅಲ್ಲಿಂದಲೇ 112 ಹೊಡೆದರು.