ಬೆಳಗಾವಿ ಸೀಮೆಯ ಅವಶೇಷಗಳು: ಮೂಲನೆಲೆ ಮತ್ತು ವಸ್ತುಸಂಗ್ರಹಾಲಯ

ಪ್ರಾದೇಶಿಕ ವಸ್ತುಸಂಗ್ರಹಾಲಯವನ್ನು ಸಂದರ್ಶಿಸುವವರು ಒಂದು ಸೀಮೆಯ ನೆಲ, ಜೀವಸಂಕುಲ ಮತ್ತು ಜನಜೀವನದ ಚರಿತ್ರೆಯನ್ನು ಒಂದೇ ಸೂರಿನಡಿ ಕಾಣಬಯಸುವುದು ಸಹಜ. ಕರ್ನಾಟಕದಲ್ಲಿ ಇವು ಬೇರೆ ಬೇರೆ ಕಡೆಗಳಲ್ಲಿ ಹಂಚಿಹೋಗಿವೆ. 1995ರಲ್ಲಿ ಮೈಸೂರಿನ ಕಾರಂಜಿ ಕೆರೆಯ ಬಳಿ ಆರಂಭವಾದ ಪ್ರಾದೇಶಿಕ ಸಂಗ್ರಹಾಲಯವು ನಿಸರ್ಗಕ್ಕೆ ಮೀಸಲಾದುದು. 1939ರಲ್ಲಿ ಮುಂಬಯಿ ಸರ್ಕಾರವು ಧಾರವಾಡದಲ್ಲಿ ಸ್ಥಾಪಿಸಿದ, ಆರ್.ಎಸ್. ಪಂಚಮುಖಿಯವರು ಮೊದಲ ನಿರ್ದೇಶಕರಾಗಿದ್ದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯವು ಶಾಸನ, ಶಿಲ್ಪ, ಹಸ್ತಪ್ರತಿಗಳಿಗೆ ಮೀಸಲಾದುದು. ಈ ಹಂಚಿಕೆಯಿಂದ ಹೆಚ್ಚು ನಷ್ಟಕ್ಕೆ ಒಳಗಾದ ಸೀಮೆಗಳಲ್ಲಿ ಬೆಳಗಾವಿಯೂ ಒಂದು.

ಬೆಳಗಾವಿ ನಗರದ ದಕ್ಷಿಣ ಭಾಗದಲ್ಲಿ ಅನಗೋಳ, ಶಹಾಪುರ, ವಡಗಾವಿಗಳು ಒಂದಕ್ಕೊಂದು ಹತ್ತಿಕೊಂಡಿವೆ. ಮಗ್ಗದ ಸದ್ದಿಗೆ ಹೆಸರಾದ ವಡಗಾವಿಯ ಪಕ್ಕದ ಮಾಧವಪುರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಅವರು 1970ರ ದಶಕದಲ್ಲಿ ಉತ್ಖನನ ನಡೆಸಿ, ಸಾತವಾಹನ ಕಾಲದ ಪಟ್ಟಣವೊಂದರ ಅವಶೇಷಗಳನ್ನು ಬೆಳಕಿಗೆ ತಂದರು. ಇಟ್ಟಿಗೆಯ ಕಟ್ಟಡಗಳು ಮತ್ತು ನಾಣ್ಯಗಳ ಜೊತೆಗೆ, ಕಾಶ್ಯಪ ಗೋತ್ರದ ಬ್ರಾಹ್ಮಣನೊಬ್ಬನು ಮಾಡಿದ ವಾಜಪೇಯ ಯಾಗವನ್ನು ಹೇಳುವ ಬ್ರಾಹ್ಮೀ ಲಿಪಿಯ ಸ್ತಂಭಶಾಸನವೂ ಇಲ್ಲಿಯದೇ. ರಟ್ಟರಿಗಿಂತ ಸಾವಿರ ವರ್ಷ ಹಿಂದೆಯೇ ಇಲ್ಲಿ ನಗರಜೀವನವಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಆದರೆ ಇಂದು ಆ ಭಾಗದಲ್ಲಿ ಮನೆಗಳು ದಟ್ಟವಾಗಿ ಬೆಳೆದಿವೆ. ಉತ್ಖನನದ ಪ್ರತಿಯೊಂದು ಪದರವೂ ನೆಲದಲ್ಲಿ ಒಮ್ಮೆ ಮಾತ್ರ ಓದಲು ಸಿಗುವ ಪುಟ. ಆಮೇಲೆ ಉಳಿಯುವುದು ವರದಿ ಮತ್ತು ವಸ್ತುಗಳಷ್ಟೆ.

ರಟ್ಟರ ಕಾಲದ ಸಂಗತಿ ಇನ್ನೂ ವಿಲಕ್ಷಣವಾದುದು. ನಾಲ್ಕನೆಯ ಕಾರ್ತವೀರ್ಯನು ತಮ್ಮ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ ಆಳುತ್ತಿದ್ದಾಗ, ಬೀಚಿರಾಜನು ಇಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದರ ಆಚಾರ್ಯನಾದ ಶುಭಚಂದ್ರ ಭಟ್ಟಾರಕನಿಗೆ ಕ್ರಿ.ಶ. 1204ರಲ್ಲಿ ದತ್ತಿ ಕೊಟ್ಟುದನ್ನು ಹೇಳುವ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಎಲ್.ಡಿ. ಬಾರ್ನೆಟ್ ಅವರು ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಕೋಟೆಯೊಳಗಿನ ಕಮಲ ಬಸದಿಯ ಛತ್ತಿನಲ್ಲಿ ಕಲ್ಲಿನ ತಾವರೆ ಇಂದಿಗೂ ತೂಗುತ್ತಿದೆ. ಈ ಊರಿನ ಜಿನಾಲಯಕ್ಕೆ ಕೊಟ್ಟ ದತ್ತಿಯ ಮಾತು ಮಾತ್ರ ಕಡಲಾಚೆ ಇದೆ. ಸಂಪಾದನೆಯಿಂದ ವಿದ್ವಾಂಸರಿಗೆ ಪಾಠ ದೊರೆಯಿತು, ನಿಜ. ಬಸದಿಯನ್ನು ನೋಡಲು ಬರುವ ಊರವರಿಗೆ ಕಲ್ಲು ದೊರೆಯಲಿಲ್ಲ.

ಖಾನಾಪುರ ತಾಲ್ಲೂಕಿನ ಹಲಸಿಯ, ಅಂದರೆ ಕದಂಬರ ಪಲಾಶಿಕೆಯ, ತಾಮ್ರಪಟಗಳ ಮಹತ್ವವೂ ಸ್ಥಳದೊಡನೆಯೇ ಬೆಸೆದುಕೊಂಡಿದೆ. ಚಕ್ರತೀರ್ಥವೆಂಬ ಬಾವಿಯ ಬಳಿಯ ದಿಬ್ಬದಲ್ಲಿ ಸಿಕ್ಕ ಇವನ್ನು ಜೆ.ಎಫ್. ಫ್ಲೀಟ್ ಪ್ರಕಟಿಸಿದರು. ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮನು ಕೊಟ್ಟ ಭೂಮಿಯೂ, ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಬಿಟ್ಟ 33 ನಿವರ್ತನಗಳೂ ಇವುಗಳಿಂದಲೇ ತಿಳಿದುಬಂದಿವೆ. ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಗಡಗಳನ್ನು ಒಟ್ಟಾಗಿ ಹೆಸರಿಸುವ ಈ ದಾಖಲೆಯ ಅರ್ಥ ಹಲಸಿಯ ನೆಲದಲ್ಲಿ ನಿಂತು ಓದಿದಾಗ ಹೆಚ್ಚು ಸ್ಪಷ್ಟವಾಗುತ್ತದೆ.

ನಿಸರ್ಗ ಚರಿತ್ರೆಯ ಗತಿಯೂ ಬೇರೆಯಲ್ಲ. ರಾಬರ್ಟ್ ಬ್ರೂಸ್ ಫುಟ್ ಅವರು ಗೋಕಾಕ ತಾಲ್ಲೂಕಿನ ಚಿಕ್ಕದೌಲಿಯ ಹಳ್ಳದಲ್ಲಿ ದೊರೆತ ಖಡ್ಗಮೃಗದ ಅಸ್ಥಿಗಳನ್ನು ಆಧರಿಸಿ, 1874ರಲ್ಲಿ ದಖ್ಖನ್ನಿನ ಹೆಸರಿನ ಹೊಸ ಜಾತಿಯೊಂದನ್ನು ವಿವರಿಸಿದರು. ಅವರ ಪ್ರಾಗಿತಿಹಾಸಿಕ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸಂಗ್ರಹಾಲಯ ಕೊಂಡಿತು. ಖಾನಾಪುರದ ಕಾಡಿನಲ್ಲಿ ತಳೇವಾಡಿಯ ಬಳಿಯ ಬಾರಾಪೇಡೆ ಗುಹೆಯ ಬಾವಲಿಯನ್ನು 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಅವರು ರಾಟನ್ ಎಂಬವರ ಹೆಸರಿನಲ್ಲಿ ಲೋಕಕ್ಕೆ ಪರಿಚಯಿಸಿದರು. ಹಲವು ದಶಕಗಳ ಕಾಲ ಇಡೀ ಜಗತ್ತಿನಲ್ಲಿ ಈ ಜೀವಿಗೆ ತಿಳಿದಿದ್ದ ಒಂದೇ ನೆಲೆ ಈ ಗುಹೆ. ಕಾಂಬೋಡಿಯ, ಮೇಘಾಲಯಗಳಲ್ಲಿ ಅದು ಕಂಡುಬಂದದ್ದು ಬಹಳ ಈಚೆಗೆ.

ಇಲ್ಲೊಂದು ಭೇದವನ್ನು ಗುರುತಿಸಬೇಕು. ಶಾಸನವನ್ನು ಸಾಗಿಸಿದರೂ ಅದರ ಪಾಠ ಉಳಿಯುತ್ತದೆ. ಬಾವಲಿಯ ಚರ್ಮ, ತಲೆಬುರುಡೆಗಳನ್ನು ಕಪಾಟಿನಲ್ಲಿಟ್ಟು ಗುಹೆಯನ್ನು ಕೆಡಿಸಿದರೆ ಉಳಿಯುವುದು ಹೆಸರು ಮಾತ್ರ. 2011ರಲ್ಲಿ ಭೀಮಗಡವನ್ನು, ಸುಮಾರು 190 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ, ವನ್ಯಜೀವಿಧಾಮವೆಂದು ಘೋಷಿಸಿದಾಗ ಆ ಗುಹೆಗೆ ಕಾಡಿನ ಕಾವಲು ದೊರೆಯಿತು. ಮಾಧವಪುರದ ನೆಲಕ್ಕೆ ಅಂಥ ಕಾವಲು ಸಕಾಲದಲ್ಲಿ ದೊರೆಯಲಿಲ್ಲ. ಜಿಲ್ಲೆಯಲ್ಲಿಯೇ ಕಿತ್ತೂರಿನ ಕೋಟೆಯ ಆವರಣದಲ್ಲಿ ರಾಣಿ ಚೆನ್ನಮ್ಮ ಸ್ಮಾರಕ ಸಂಗ್ರಹಾಲಯವಿದೆ. 1204ರ ಶಾಸನಗಳ ಪಡಿಯಚ್ಚು, ಹಲಸಿಯ ಪಟಗಳ ಛಾಯಾಪ್ರತಿ, ಮಾಧವಪುರದ ಉತ್ಖನನದ ನಕ್ಷೆ, ಬಾರಾಪೇಡೆಯ ಗುಹೆಯ ಚಿತ್ರ ಇವನ್ನು ಅಲ್ಲಿ ಒಂದೇ ಕೋಣೆಯಲ್ಲಿ ಕನ್ನಡದ ವಿವರಣೆಯೊಡನೆ ಜೋಡಿಸಲು ದೊಡ್ಡ ವೆಚ್ಚವೇನೂ ತಗಲದು.