ಮೋಡೆಮ್ ಕಂಪ್ಯೂಟರ್ ಒಳಗಿರಬೇಕೇ, ಹೊರಗಿರಬೇಕೇ?

ಡಯಲ್-ಅಪ್ ಕಾಲದಲ್ಲಿ ಮೋಡೆಮ್ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಕೇಳುತ್ತಿದ್ದ ಪ್ರಶ್ನೆ: ಇಂಟರ್ನಲ್ಲೋ, ಎಕ್ಸ್‌ಟರ್ನಲ್ಲೋ? ಬೆಲೆ ಕೇಳಿದ ಮೇಲೆ ಇಂಟರ್ನಲ್ ಎಂದವರೇ ಹೆಚ್ಚು. ಆದರೆ ವಾಸ್ಕೋ, ಮಡಗಾಂವ್, ಮಾಪ್ಸಾದಂಥ ಊರುಗಳಲ್ಲಿ ಆ ಉಳಿತಾಯದ ಲೆಕ್ಕ ಮುಂಗಾರಿಗೆ ಮುಂಚಿನ ಒಂದೇ ಸಿಡಿಲಿಗೆ ತಲೆಕೆಳಗಾಗಬಹುದಿತ್ತು. ಇಂದಿಗೂ ಹಳೆಯ ಗಣಕಯಂತ್ರ ಅಥವಾ ಫ್ಯಾಕ್ಸ್ ಇಟ್ಟುಕೊಂಡಿರುವವರಿಗೆ ಈ ಪ್ರಶ್ನೆ ಮುಗಿದಿಲ್ಲ.

ಸ್ವಲ್ಪ ಹಿನ್ನೆಲೆ. ವಿಎಸ್‌ಎನ್‌ಎಲ್ ಸಂಸ್ಥೆ ನಮ್ಮ ದೇಶದ ಜನಸಾಮಾನ್ಯರಿಗೆ ಅಂತರ್ಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಖಾಸಗಿ ಕಂಪನಿಗಳು ಬಂದದ್ದು 1998ರಲ್ಲಿ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಗುವವರೆಗೆ ಮನೆಗಳಲ್ಲಿ ಇಂಟರ್ನೆಟ್ ಎಂದರೆ ಬಹುಮಟ್ಟಿಗೆ ಟೆಲಿಫೋನ್ ತಂತಿಯೇ. ಗೋವಾಕ್ಕೂ ಈ ವ್ಯಾಪಾರಕ್ಕೂ ಇನ್ನೊಂದು ನಂಟಿದೆ. ಮುಂದೆ ಸ್ಮಾರ್ಟ್‌ಲಿಂಕ್ ಎಂದು ಹೆಸರು ಬದಲಿಸಿಕೊಂಡ ಅಂದಿನ ಡಿ-ಲಿಂಕ್ ಇಂಡಿಯಾ ಕಂಪನಿ ನೆಟ್‌ವರ್ಕ್ ಉಪಕರಣಗಳನ್ನು ತಯಾರಿಸುತ್ತಿದ್ದುದು ಇಲ್ಲಿಯ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ.

ಮೋಡೆಮ್ ಮಾಡುವುದು ದುಭಾಷಿಯ ಕೆಲಸ. ಕಂಪ್ಯೂಟರಿನ ಅಂಕಿಗಳನ್ನು ದನಿಯಾಗಿ ಬದಲಿಸಿ ಫೋನ್ ತಂತಿಗೆ ಕೊಡುತ್ತದೆ, ಆಚೆಯಿಂದ ಬಂದ ದನಿಯನ್ನು ಮತ್ತೆ ಅಂಕಿಯಾಗಿಸುತ್ತದೆ. 1998ರ ವಿ.90 ಮಾನಕದ ಪ್ರಕಾರ ಇಳಿಸಿಕೊಳ್ಳುವ ವೇಗ ಸೆಕೆಂಡಿಗೆ 56 ಕಿಲೋಬಿಟ್, ಕಳಿಸುವ ವೇಗ 33.6. ಇದು ಡಬ್ಬಿಯ ಮೇಲಿನ ಮಾತು. ತಂತಿ ಚೆನ್ನಾಗಿದ್ದರೆ 40ರ ಮೇಲೆ ಸಿಕ್ಕರೆ ಪುಣ್ಯ. ಸೆಕೆಂಡಿಗೆ 5 ಕಿಲೋಬೈಟ್ ಬಂದರೂ 1 ಎಂಬಿ ಫೈಲಿಗೆ ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಫೋನ್ ಬಿಲ್ಲಿನ ಮೀಟರ್ ಮಾತ್ರ ಕಾಯುವುದಿಲ್ಲ! ಒಳಗಿನದಾಗಲಿ ಹೊರಗಿನದಾಗಲಿ, ಮಾನಕ ಒಂದೇ ಆಗಿದ್ದರೆ ವೇಗದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಒಳಗಿನ ಮೋಡೆಮ್ ಎಂದರೆ ಮದರ್‌ಬೋರ್ಡಿನ ಪಿಸಿಐ ಸ್ಲಾಟಿಗೆ ಸಿಕ್ಕಿಸುವ ಒಂದು ಕಾರ್ಡು. ಬೇರೆ ಪ್ಲಗ್ ಬೇಡ, ಮೇಜಿನ ಮೇಲೆ ಜಾಗ ಬೇಡ, ಬೆಲೆಯೂ ಕಡಿಮೆ. ಅಗ್ಗವಾಗಿರಲು ಕಾರಣವೂ ಇದೆ. ಇಂಥ ಕಾರ್ಡುಗಳಲ್ಲಿ ಬಹುಪಾಲು ‘ವಿನ್‌ಮೋಡೆಮ್’ ಎಂದು ಕರೆಸಿಕೊಂಡವು. ದನಿಯನ್ನು ಬಿಡಿಸಿ ಓದುವ ಕೆಲಸವನ್ನು ಕಾರ್ಡಿನ ಬದಲು ಕಂಪ್ಯೂಟರಿನ ಪ್ರೊಸೆಸರ್ ತಲೆಗೆ ಕಟ್ಟುತ್ತವೆ. ಹಳೆಯ ಪೆಂಟಿಯಂ ಯಂತ್ರಗಳು ಇದರ ಭಾರಕ್ಕೇ ನಿಧಾನವಾಗುತ್ತಿದ್ದವು. ಡ್ರೈವರ್ ಸಿಡಿ ಕಳೆದರೆ ಕಾರ್ಡು ಬರೀ ತಗಡು. ಲಿನಕ್ಸ್ ಬಳಸುವವರಿಗಂತೂ ಇವು ತಲೆನೋವೇ ಆಗಿದ್ದವು.

ಹೊರಗಿನ ಮೋಡೆಮ್ ಪುಟ್ಟ ಪೆಟ್ಟಿಗೆ. ಸೀರಿಯಲ್ ಕೇಬಲ್ಲಿನಿಂದ ಕಂಪ್ಯೂಟರಿನ 9 ಪಿನ್ನುಗಳ ಕಾಮ್ ಪೋರ್ಟಿಗೆ ಜೋಡಣೆ. ತನ್ನದೇ ಅಡಾಪ್ಟರ್ ಬೇಕು, ತಂತಿಗಳ ಜಂಜಾಟ ಹೆಚ್ಚು. ಆದರೆ ಮುಂಭಾಗದ ಕೆಂಪು ದೀಪಗಳು ಬಹಳ ಉಪಕಾರಿ. ಲೈನ್ ಸಿಕ್ಕಿದೆಯೇ, ಮಾಹಿತಿ ಬರುತ್ತಿದೆಯೇ, ಸಂಪರ್ಕ ಕಡಿದಿದೆಯೇ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಸಿಕ್ಕಿಹಾಕಿಕೊಂಡರೆ ಮೋಡೆಮ್ಮನ್ನಷ್ಟೇ ಆರಿಸಿ ಹಚ್ಚಿದರಾಯಿತು, ಕಂಪ್ಯೂಟರ್ ಮುಚ್ಚಬೇಕಿಲ್ಲ. ಯುಎಸ್‌ಬಿ ಮಾದರಿಗಳೂ ಬಂದವು. ಆದರೆ ಹೊರಗಿದ್ದ ಮಾತ್ರಕ್ಕೆ ಅದು ಪೂರ್ಣ ಮೋಡೆಮ್ ಎಂದು ನಂಬಬೇಡಿ. ಅವುಗಳಲ್ಲೂ ಪ್ರೊಸೆಸರ್ ಮೇಲೆ ಸವಾರಿ ಮಾಡುವವು ಇವೆ.

‘680: ಡಯಲ್ ಟೋನ್ ಇಲ್ಲ’ ಎಂಬ ದೋಷ ಬಂದೊಡನೆ ಮೋಡೆಮ್ ಹೋಯಿತೆಂದು ಹೊಸದು ಕೊಂಡವರಿದ್ದಾರೆ. ಎಷ್ಟೋ ಸಲ ನಮ್ಮ ಎಕ್ಸ್‌ಚೇಂಜಿನ ಟೋನನ್ನು ಮೋಡೆಮ್ ಗುರುತಿಸುತ್ತಿರಲಿಲ್ಲ, ಅಷ್ಟೆ. ವಿಂಡೋಸ್‌ನಲ್ಲಿ ಡಯಲ್ ಟೋನಿಗಾಗಿ ಕಾಯುವ ಆಯ್ಕೆಯ ಟಿಕ್ ತೆಗೆದರೆ ಅಥವಾ ಎಟಿಎಕ್ಸ್3 ಎಂಬ ಆದೇಶ ಕೊಟ್ಟರೆ ಕೆಲಸ ನಡೆಯುತ್ತದೆ. ಅದಕ್ಕೂ ಮೊದಲು ಫೋನ್ ಸಾಕೆಟ್ ನೋಡಿ. ಕಡಲ ಗಾಳಿಯ ಉಪ್ಪಿಗೆ ತಾಮ್ರದ ತುದಿಗಳು ಹಸಿರು ಕಿಲುಬು ಹಿಡಿದಿರುತ್ತವೆ.

ಈಗ ಸಿಡಿಲಿನ ವಿಷಯ. ನನ್ನ ಮಟ್ಟಿಗೆ ಆಯ್ಕೆ ತೀರ್ಮಾನವಾಗುವುದೇ ಇಲ್ಲಿ. ಗೋವಾದಲ್ಲಿ ಗುಡುಗು-ಮಿಂಚಿನ ಕಾಟ ಮುಂಗಾರಿಗೆ ಮುಂಚೆ ಮತ್ತು ಅಕ್ಟೋಬರಿನ ಸುಮಾರಿಗೆ ಜೋರು. ತೆಂಗಿನ ತೋಟಗಳ ನಡುವೆ ಕಂಬದಿಂದ ಕಂಬಕ್ಕೆ ಹಾದುಬಂದ ಫೋನ್ ತಂತಿಗೆ ಸಿಡಿಲೇ ಹೊಡೆಯಬೇಕೆಂದಿಲ್ಲ, ಹತ್ತಿರ ಬಿದ್ದರೂ ವಿದ್ಯುತ್ ನುಗ್ಗುತ್ತದೆ. ಒಳಗಿನ ಕಾರ್ಡಿದ್ದರೆ ಆ ಏಟು ನೇರ ಮದರ್‌ಬೋರ್ಡಿಗೆ. ಹೊರಗಿನದಾದರೆ ಸಾಮಾನ್ಯವಾಗಿ ಸುಡುವುದು ಆ ಪೆಟ್ಟಿಗೆ, ಹೆಚ್ಚೆಂದರೆ ಕಾಮ್ ಪೋರ್ಟ್. ಸಾಲ ಮಾಡಿ ಮಕ್ಕಳಿಗೆಂದು ಒಂದೇ ಕಂಪ್ಯೂಟರ್ ತಂದ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಸ್ಪೈಕ್ ಗಾರ್ಡ್ ಕೊಳ್ಳುವಾಗ ಫೋನ್ ತಂತಿಗೂ ರಕ್ಷಣೆ ಇದೆಯೇ ಕೇಳಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೋಡ ಕವಿಯುತ್ತಿದ್ದಂತೆಯೇ ಫೋನ್ ತಂತಿ, ಪ್ಲಗ್ ಎರಡನ್ನೂ ಕೀಳುವುದು ಉತ್ತಮ. ಗುಡುಗು ತಲೆಯ ಮೇಲೆ ಬಂದಮೇಲೆ ತಂತಿ ಮುಟ್ಟಲು ಹೋಗಬೇಡಿ.

ಅಮೆರಿಕದ ಎಒಎಲ್ ಕಂಪನಿ ಸಹ 2025ರ ಸೆಪ್ಟೆಂಬರ್ 30ರಂದು ಡಯಲ್-ಅಪ್ ನಿಲ್ಲಿಸಿತು. ಆದರೂ ಫ್ಯಾಕ್ಸಿಗೋ, ಹಳೆಯ ಯಂತ್ರಕ್ಕೋ ಮೋಡೆಮ್ ಬೇಕಾದರೆ ಹೊರಗಿನ ಸೀರಿಯಲ್ ಮಾದರಿಯನ್ನೇ ಹುಡುಕಿ. ವಿಂಡೋಸ್ 11 ಬರೀ 64 ಬಿಟ್, ಹಳೆಯ ವಿನ್‌ಮೋಡೆಮ್‌ಗಳ 32 ಬಿಟ್ ಡ್ರೈವರ್ ಅದರಲ್ಲಿ ನಡೆಯದು. ಸೀರಿಯಲ್ ಮೋಡೆಮ್ ಮಾತ್ರ ಯುಎಸ್‌ಬಿ ಪರಿವರ್ತಕ ಹಾಕಿದರೆ ಹಳೆಯ ಎಟಿ ಆದೇಶಗಳಿಗೆ ಈಗಲೂ ಓಗೊಡುತ್ತದೆ. ಫೈಬರ್ ಸಂಪರ್ಕದ ಜೊತೆ ಕೊಡುವ ಫೋನಿನಲ್ಲಿ ಮೋಡೆಮ್ ಸರಿಯಾಗಿ ನಡೆಯುವ ಭರವಸೆ ಇಲ್ಲ. ತಾಮ್ರದ ಲೈನ್ ಇದೆಯೇ ಎಂದು ವಿಚಾರಿಸಿಯೇ ಹಣ ಕೊಡಿ.

ಫೈಬರ್ ಮನೆಗೆ ಬಂದವರೂ ಮಳೆಗಾಲದಲ್ಲಿ ಮೈಮರೆಯುವಂತಿಲ್ಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ನಿಜ. ಆದರೆ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿಗೇ ಸಿಕ್ಕಿಸಿರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ ತಾಮ್ರದ್ದು.